ನಿಮ್ಮ ಕಾರ್ಪೊರೇಟರ್ ಯಾರು? ಬೆಂಗಳೂರಿನ ಒಂದು ತಲೆಮಾರು ಹಾಕದೇ ಉಳಿದ ಓಟಿನ ಲೆಕ್ಕ

ನೀವು ಹುಟ್ಟಿದ್ದು 1997ರ ಜನವರಿ 2ರಂದು ಅಥವಾ ಅದರ ನಂತರವಾ? ಬೆಂಗಳೂರಿನ ಮತದಾರರಾ? ಹಾಗಿದ್ರೆ 2025 ಮುಗಿಯುವವರೆಗೂ ನೀವು ಈ ಊರಿನಲ್ಲಿ ಒಬ್ಬ ಕಾರ್ಪೊರೇಟರ್‌ನೂ ಆರಿಸಿರಲಿಲ್ಲ. ಸೋಮಾರಿತನದಿಂದ ಅಲ್ಲ, ವೀಕೆಂಡ್‌ಗೆ ಚಿಕ್ಕಮಗಳೂರಿಗೆ ಹೋಗಿದ್ದರಿಂದಲೂ ಅಲ್ಲ. ಚುನಾವಣೆಯೇ ನಡೆದಿರಲಿಲ್ಲ.

ಲೆಕ್ಕ ಸುಲಭ. ಬಿಬಿಎಂಪಿಗೆ ಕೊನೆಯ ಸಾರ್ವತ್ರಿಕ ಚುನಾವಣೆ ನಡೆದಿದ್ದು 2015ರ ಆಗಸ್ಟ್ 22ರಂದು. ಆ ವರ್ಷದ ಜನವರಿ 1ಕ್ಕೆ 18 ತುಂಬಿದವರಿಗೆ ಮಾತ್ರ ಓಟಿತ್ತು. ನಡುವೆ ಬೆರಳೆಣಿಕೆಯ ವಾರ್ಡ್‌ಗಳಲ್ಲಿ ನಡೆದ ಉಪಚುನಾವಣೆ ಬಿಟ್ಟರೆ, ಆಮೇಲೆ 18 ದಾಟಿದವರೆಲ್ಲ ಲೋಕಸಭೆಗೆ ಓಟು ಹಾಕಿದ್ದಾರೆ, ವಿಧಾನಸಭೆಗೆ ಹಾಕಿದ್ದಾರೆ, ತಮ್ಮ ಬೀದಿಯ ಮೋರಿಯ ಬಗ್ಗೆ ಮಾತ್ರ ಹಾಕಿಲ್ಲ. 2025 ಮುಗಿಯುವ ಹೊತ್ತಿಗೆ ಇವರಲ್ಲಿ ಹಿರಿಯರಿಗೆ 28 ವರ್ಷ. ಕೆಲಸ, ಮದುವೆ, ಮಗು, ಹೋಮ್ ಲೋನ್ ಎಲ್ಲ ಆಗಿರುವ ವಯಸ್ಸು.

ಆದ್ದರಿಂದ 'ನಗರದ ಯುವಕರಿಗೆ ಸ್ಥಳೀಯ ರಾಜಕಾರಣದಲ್ಲಿ ಆಸಕ್ತಿ ಇಲ್ಲ' ಅಂತ ಯಾರಾದರೂ ಭಾಷಣ ಮಾಡಿದರೆ, ಮೊದಲು ಈ ಲೆಕ್ಕ ತೋರಿಸಿ.

ಕಾನೂನು ಏನು ಹೇಳುತ್ತೆ?

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಗಳಿಗೆ ಸ್ವಂತ ಸರ್ಕಾರ ಇರಬೇಕು ಎಂದಿತು. ಅದರ 243ಯು ವಿಧಿಯ ಪ್ರಕಾರ ಪಾಲಿಕೆಯ ಅವಧಿ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಅವಧಿ ಮುಗಿಯುವ ಮೊದಲೇ ಮುಂದಿನ ಚುನಾವಣೆ ಮುಗಿದಿರಬೇಕು. ನಡುವೆ ವಿಸರ್ಜನೆಯಾದರೆ ಆರು ತಿಂಗಳೊಳಗೆ ಚುನಾವಣೆ ಆಗಬೇಕು. 'ಸರ್ಕಾರಕ್ಕೆ ಅನುಕೂಲವಾದಾಗ' ಎಂಬ ಮಾತು ಅದರಲ್ಲಿಲ್ಲ.

ಸುಪ್ರೀಂ ಕೋರ್ಟ್ 2006ರಲ್ಲೇ, ಅಹಮದಾಬಾದ್ ಪಾಲಿಕೆಗೆ ಸಂಬಂಧಿಸಿದ ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ, ವಾರ್ಡ್ ಗಡಿ ಬದಲಿಸುತ್ತಿದ್ದೇವೆ, ಪಟ್ಟಿ ಪರಿಷ್ಕರಿಸುತ್ತಿದ್ದೇವೆ ಎಂಬ ನೆಪಗಳು ಚುನಾವಣೆ ಮುಂದೂಡಲು ಸಾಲದು ಎಂದಿತ್ತು. 2022ರ ಮೇನಲ್ಲಿ ಮಧ್ಯಪ್ರದೇಶದ ಸುರೇಶ್ ಮಹಾಜನ್ ಪ್ರಕರಣದಲ್ಲಿ ಅದನ್ನೇ ಇನ್ನಷ್ಟು ಬಿಗಿಯಾಗಿ ಹೇಳಿತು. ಅಂದ್ರೆ ಕಾನೂನಿನಲ್ಲಿ ಗೊಂದಲ ಇಲ್ಲ.

ಹಾಗಾದ್ರೆ ನಿಂತಿದ್ದು ಹೇಗೆ?

2015ರಲ್ಲಿ ಆಯ್ಕೆಯಾದ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಸರ್ಕಾರ ಆಡಳಿತಾಧಿಕಾರಿಯನ್ನು ನೇಮಿಸಿತು. ಕೋವಿಡ್ ಕಾಲ, ಇರಲಿ ಅನ್ನಬಹುದಿತ್ತು. ಆದರೆ ಅದೇ ಕೋವಿಡ್ ನಡುವೆ, 2020ರ ಡಿಸೆಂಬರ್ 22 ಮತ್ತು 27ರಂದು ಇದೇ ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಹಳ್ಳಿಗೆ ಅಡ್ಡಿಯಾಗದ ಕೊರೊನಾ ರಾಜಧಾನಿಗೆ ಅಡ್ಡಿಯಾಯಿತು!

ಆಮೇಲೆ ಶುರುವಾಗಿದ್ದು ಸಂಖ್ಯೆಗಳ ಆಟ. 198 ಇದ್ದ ವಾರ್ಡ್‌ಗಳನ್ನು 243 ಮಾಡುತ್ತೇವೆ ಎಂದು 2020ರ ಅಕ್ಟೋಬರ್‌ನಲ್ಲಿ ಕಾನೂನು ತಿದ್ದಿದರು. ಹಳೆಯ 198 ವಾರ್ಡ್‌ಗಳಿಗೇ ಚುನಾವಣೆ ನಡೆಸಿ ಎಂದು ಡಿಸೆಂಬರ್ 4ರಂದು ಹೈಕೋರ್ಟ್ ಆದೇಶಿಸಿತು. ಸರ್ಕಾರ ಸುಪ್ರೀಂ ಕೋರ್ಟ್‌ಗೆ ಹೋಯಿತು, ಅದೇ ತಿಂಗಳು ತಡೆಯಾಜ್ಞೆ ಸಿಕ್ಕಿತು. 243ರ ಗಡಿಗಳು ಅಂತಿಮವಾಗಿದ್ದು 2022ರ ಜುಲೈನಲ್ಲಿ. ಮೀಸಲಾತಿ ಪಟ್ಟಿ ಬಂತು, ಸೆಪ್ಟೆಂಬರ್ ಕೊನೆಗೆ ಹೈಕೋರ್ಟ್ ಅದನ್ನು ರದ್ದು ಮಾಡಿತು. 2023ರ ಮೇನಲ್ಲಿ ಸರ್ಕಾರ ಬದಲಾಯಿತು. ಹೊಸ ಸರ್ಕಾರ 243 ಬೇಡ, 225 ಸಾಕು ಎಂದಿತು. ಆ 225ಕ್ಕೂ ಚುನಾವಣೆ ನಡೆಯಲಿಲ್ಲ. 2025ರ ಮೇ 15ರಂದು ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಗೆ ಬಂತು, ಸೆಪ್ಟೆಂಬರ್ 2ರಂದು ಬಿಬಿಎಂಪಿ ಜಾಗದಲ್ಲಿ ಐದು ಪಾಲಿಕೆಗಳು ಬಂದವು: ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ. ವಾರ್ಡ್‌ಗಳು ಒಟ್ಟು 369.

ಬಿಜೆಪಿ ಇದ್ದಾಗ ಮುಂದಕ್ಕೆ ಹೋಯಿತು, ಕಾಂಗ್ರೆಸ್ ಬಂದಾಗಲೂ ಹೋಯಿತು. ವಿರೋಧ ಪಕ್ಷದಲ್ಲಿದ್ದಾಗ ಇಬ್ಬರೂ 'ಚುನಾವಣೆ ಯಾವಾಗ?' ಅಂತ ಕೇಳುತ್ತಾರೆ, ಕುರ್ಚಿ ಸಿಕ್ಕ ಮೇಲೆ ಇಬ್ಬರಿಗೂ ಗಡಿ ಸರಿಯಿಲ್ಲ ಅನ್ನೋದು ನೆನಪಾಗುತ್ತೆ. 2025ರ ಸೆಪ್ಟೆಂಬರ್‌ಗೆ ಖಾಲಿ ಕೌನ್ಸಿಲ್‌ಗೆ ಐದು ವರ್ಷ ತುಂಬಿತು. ಒಂದು ಪೂರ್ತಿ ಅವಧಿ, ಒಬ್ಬ ಸದಸ್ಯನೂ ಇಲ್ಲದೆ ಮುಗಿಯಿತು.

ಇದು ಮೊದಲ ಸಲವೂ ಅಲ್ಲ. 2006ರ ನವೆಂಬರ್‌ನಲ್ಲಿ ಹಳೆಯ ಮಹಾನಗರ ಪಾಲಿಕೆಯ ಅವಧಿ ಮುಗಿದ ಮೇಲೆ ಮುಂದಿನ ಚುನಾವಣೆ ನಡೆದಿದ್ದು 2010ರ ಮಾರ್ಚ್‌ನಲ್ಲಿ. ಎಲ್ಲ ಕೂಡಿಸಿದರೆ, 2006ರ ನವೆಂಬರ್‌ನಿಂದ 2025ರ ನವೆಂಬರ್‌ವರೆಗಿನ 19 ವರ್ಷಗಳಲ್ಲಿ ಸುಮಾರು 9 ವರ್ಷ ಈ ನಗರಕ್ಕೆ ಕೌನ್ಸಿಲ್ ಇರಲಿಲ್ಲ. ಬೆಂಗಳೂರು ಒಂದೇ ಅಂದುಕೊಳ್ಳಬೇಡಿ. ಮೈಸೂರು ಪಾಲಿಕೆಯ ಅವಧಿ 2023ರ ನವೆಂಬರ್‌ನಲ್ಲಿ ಮುಗಿಯಿತು, ಮಂಗಳೂರಿನದು 2025ರ ಫೆಬ್ರವರಿಯಲ್ಲಿ. ಅಲ್ಲೂ ಆಡಳಿತಾಧಿಕಾರಿಗಳೇ ಬಂದು ಕೂತರು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದಿದೆ.

ವಾರ್ಡ್ ಗಡಿ ಬದಲಾದರೆ ಇನ್ನೊಂದು ನಷ್ಟ ಇದೆ. ಎಂಜಿನಿಯರಿಂಗ್ ಓದಿದವನಿಗೆ ಇದು ಜಾಸ್ತಿ ಕಾಡುತ್ತೆ ಅನ್ಸುತ್ತೆ. ಬಿಬಿಎಂಪಿ ಕಾಲದ ಪ್ರತಿ ಕಾಮಗಾರಿಗೂ ಒಂದು ಜಾಬ್ ನಂಬರ್ ಇರುತ್ತಿತ್ತು: ಮೊದಲು ವಾರ್ಡ್ ಸಂಖ್ಯೆ, ಆಮೇಲೆ ವರ್ಷ, ಆಮೇಲೆ ಕ್ರಮಸಂಖ್ಯೆ. ಆ ನಂಬರ್ ಹಿಡಿದರೆ ನಿಮ್ಮ ರಸ್ತೆಗೆ ಮೂರು ವರ್ಷದಲ್ಲಿ ಎಷ್ಟು ಸಲ ಡಾಂಬರು ಬಿತ್ತು, ಬಿಲ್ ಎಷ್ಟಾಯಿತು ಅಂತ ಪತ್ತೆ ಹಚ್ಚಬಹುದು. ಈಗ ವಾರ್ಡ್ 198ರಿಂದ 243ಕ್ಕೆ, ಅಲ್ಲಿಂದ 225ಕ್ಕೆ, ಅಲ್ಲಿಂದ 369ಕ್ಕೆ. ಒಂದೇ ರಸ್ತೆ, ಬೇರೆ ಬೇರೆ ವಾರ್ಡ್. ಐದು ವರ್ಷದ ಖರ್ಚನ್ನು ಜೋಡಿಸಿ ನೋಡಬೇಕು ಅಂದ್ರೆ ಹಳೆಯ ಮ್ಯಾಪ್, ಹೊಸ ಮ್ಯಾಪ್ ಎರಡನ್ನೂ ಮುಂದಿಟ್ಟುಕೊಂಡು ಕೂರಬೇಕು. ಬೇಕಂತಲೇ ಹೀಗೆ ಮಾಡಿದ್ದಾರೆ ಅನ್ನೋಕೆ ನನ್ನ ಬಳಿ ಪುರಾವೆ ಇಲ್ಲ. ಆದರೆ ಬೇಕಂತಲೇ ಮಾಡಿದ್ದರೂ ಇದಕ್ಕಿಂತ ಚೆನ್ನಾಗಿ ಮಾಡೋಕೆ ಆಗ್ತಿರಲಿಲ್ಲ.

ಕಾರ್ಪೊರೇಟರ್ ಇದ್ದಾಗ ಏನು ಮಹಾ ಆಗಿತ್ತು?

ಈ ಪ್ರಶ್ನೆ ನಿಜವಾದದ್ದು, ತಳ್ಳಿಹಾಕುವಂಥದ್ದಲ್ಲ. 2015ರ ಚುನಾವಣೆಯಲ್ಲಿ ಮತ ಹಾಕಿದವರು ಅರ್ಧಕ್ಕಿಂತ ಸ್ವಲ್ಪ ಕಡಿಮೆ ಜನ. ಕಾರ್ಪೊರೇಟರ್ ಅಂದ ಕೂಡಲೇ ಕಮಿಷನ್, ಕಾಂಟ್ರ್ಯಾಕ್ಟರ್, ಫ್ಲೆಕ್ಸ್ ನೆನಪಾಗುತ್ತೆ. ಅದೆಲ್ಲ ಸುಳ್ಳು ಅಂತ ನಾನೂ ಹೇಳಲ್ಲ. ಆದರೆ ಆ ಕುರ್ಚಿ ಖಾಲಿಯಾದ ಮೇಲೆ ಅಲ್ಲಿದ್ದ ಅಧಿಕಾರ ಎಲ್ಲಿಗೆ ಹೋಯಿತು ಅಂತ ನೋಡಬೇಕಲ್ವಾ?

ಹೋಗಿದ್ದು ಮೇಲಕ್ಕೆ. 2011ರ ಜನಗಣತಿಯಂತೆ ಬಿಬಿಎಂಪಿ ವ್ಯಾಪ್ತಿಯ ಜನಸಂಖ್ಯೆ 84.4 ಲಕ್ಷ. 198 ವಾರ್ಡ್‌ಗಳಿದ್ದಾಗ ಸರಾಸರಿ 42,600 ಜನರಿಗೆ ಒಬ್ಬ ಸದಸ್ಯ. ಅದೇ ಜನಸಂಖ್ಯೆಗೆ 369 ವಾರ್ಡ್ ಅಂದ್ರೆ ಸುಮಾರು 22,900 ಜನರಿಗೆ ಒಬ್ಬ. ಶಾಸಕರನ್ನು ಲೆಕ್ಕ ಹಾಕಿದರೆ, ಬೆಂಗಳೂರಿನ 28 ಕ್ಷೇತ್ರಗಳಲ್ಲಿ ಸರಾಸರಿ ಮೂರು ಲಕ್ಷ ಜನರಿಗೆ ಒಬ್ಬರು. 2011ರ ನಂತರ ನಗರ ಎಷ್ಟು ಬೆಳೆದಿದೆ ಅನ್ನೋದು ನಿಮಗೇ ಗೊತ್ತು, ಆದ್ದರಿಂದ ನಿಜವಾದ ಅಂಕಿ ಇನ್ನೂ ದೊಡ್ಡದು. ಕೌನ್ಸಿಲ್ ಇಲ್ಲದಾಗ ವಾರ್ಡ್ ಕಾಮಗಾರಿಗಳ ಮೇಲೆ ಹಿಡಿತ ಇರುವುದು ಶಾಸಕರಿಗೆ ಮತ್ತು ಅಧಿಕಾರಿಗಳಿಗೆ. ಚುನಾವಣೆ ತಡವಾದಷ್ಟೂ ಯಾರಿಗೆ ಲಾಭ ಅಂತ ಕೇಳಿದರೆ ಉತ್ತರ ಇಲ್ಲಿದೆ ಅನ್ನೋದು ನನ್ನ ಅಭಿಪ್ರಾಯ.

ಬಜೆಟ್ ನೋಡಿ. 2021ರಿಂದ 2025ರವರೆಗೆ ಬಿಬಿಎಂಪಿ ಐದು ಬಜೆಟ್ ಮಂಡಿಸಿತು, ಐದನ್ನೂ ಅಧಿಕಾರಿಗಳೇ ಮಂಡಿಸಿದರು. ಕೊನೆಯದು, 2025-26ರದ್ದು, ಸುಮಾರು 19,900 ಕೋಟಿ ರೂಪಾಯಿ. ಅದರ ಒಂದು ಸಾಲನ್ನೂ ಯಾವ ಚುನಾಯಿತ ಸದಸ್ಯನೂ ಎದ್ದು ನಿಂತು ಪ್ರಶ್ನಿಸಲಿಲ್ಲ, ಯಾಕಂದ್ರೆ ಎದ್ದು ನಿಲ್ಲೋಕೆ ಸಭೆಯೇ ಇರಲಿಲ್ಲ. ಇದೇ ಅವಧಿಯಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿ.ಮೀ. ಸುರಂಗ ರಸ್ತೆಯ ಯೋಜನೆ ಮುಂದೆ ಸಾಗಿತು. ಅಂದಾಜು ವೆಚ್ಚ 17,000 ಕೋಟಿಗೂ ಹೆಚ್ಚು. ಇಡೀ ನಗರದ ಒಂದು ವರ್ಷದ ಬಜೆಟ್‌ಗೆ ಹತ್ತಿರದ ಮೊತ್ತ. ಸುರಂಗ ಬೇಕೋ ಬೇಡವೋ ಎಂಬ ವಾದ ಬೇರೆ. ಅಷ್ಟು ದೊಡ್ಡ ತೀರ್ಮಾನ ಆಗುವಾಗ ನಗರಕ್ಕೆ ತನ್ನದೇ ಆದ ಸಭೆ ಇರಲಿಲ್ಲ ಅನ್ನೋದು ನನ್ನ ತಕರಾರು.

ಕೌನ್ಸಿಲ್ ಇದ್ದರೂ ಅದರ ಕೈಗೆ ಎಲ್ಲವೂ ಸಿಗುತ್ತಿರಲಿಲ್ಲ, ಅದೂ ನಿಜ. ಸಂವಿಧಾನದ 12ನೇ ಅನುಸೂಚಿ ನಗರಾಡಳಿತದ 18 ಕೆಲಸಗಳ ಪಟ್ಟಿ ಕೊಡುತ್ತೆ: ನಗರ ಯೋಜನೆ, ನೀರು, ರಸ್ತೆ, ಕಸ, ಕೊಳೆಗೇರಿ ಸುಧಾರಣೆ, ಪಾರ್ಕ್, ಸ್ಮಶಾನ ಹೀಗೆ. ಬೆಂಗಳೂರಿನಲ್ಲಿ ನೀರು 1964ರ ಕಾಯ್ದೆಯ ಜಲಮಂಡಳಿಯದ್ದು, ಯೋಜನೆ 1976ರ ಕಾಯ್ದೆಯ ಬಿಡಿಎಯದ್ದಾಗಿತ್ತು, ಬಸ್ ಬಿಎಂಟಿಸಿಯದ್ದು. ಎಲ್ಲವೂ ರಾಜ್ಯ ಸರ್ಕಾರಕ್ಕೆ ಉತ್ತರ ಕೊಡುವ ಸಂಸ್ಥೆಗಳು. ಜಲಮಂಡಳಿ ಅಗೆದ ಗುಂಡಿಗೆ ಪಾಲಿಕೆಯನ್ನು ಬೈಯುತ್ತೇವೆ, ಪಾಲಿಕೆ ಜಲಮಂಡಳಿಯ ಕಡೆ ಕೈ ತೋರಿಸುತ್ತೆ.

ಇದರ ಬೆಲೆ ಏನು ಅನ್ನೋದಕ್ಕೆ 110 ಹಳ್ಳಿಗಳ ಕಥೆ ಸಾಕು. 2007ರಲ್ಲಿ ಬಿಬಿಎಂಪಿ ರಚನೆಯಾದಾಗ ಸುತ್ತಲಿನ ಏಳು ನಗರಸಭೆ, ಕೆಂಗೇರಿ ಪುರಸಭೆಯ ಜೊತೆ 110 ಹಳ್ಳಿಗಳನ್ನೂ ನಗರಕ್ಕೆ ಸೇರಿಸಿದರು. ಅಂದಿನಿಂದ ಅವರು ಬಿಬಿಎಂಪಿಗೆ ಆಸ್ತಿ ತೆರಿಗೆ ಕಟ್ಟುವವರಾದರು. ಆ ಪ್ರದೇಶಕ್ಕೆಂದೇ ರೂಪಿಸಿದ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿದ್ದು 2024ರ ಅಕ್ಟೋಬರ್ 16ರಂದು. ಹದಿನೇಳು ವರ್ಷ. ಆ ವರ್ಷದ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರ್‌ಗೆ ಕ್ಯೂ ನಿಂತಾಗ ದೇಶವೆಲ್ಲ ಬೆಂಗಳೂರಿನ ನೀರಿನ ಬಗ್ಗೆ ಮಾತಾಡಿತು. ಆಗ ಜಲಮಂಡಳಿಯನ್ನು ಪ್ರಶ್ನಿಸಲು ಆ ವಾರ್ಡ್‌ಗಳಿಂದ ಆಯ್ಕೆಯಾದ ಒಬ್ಬ ಸದಸ್ಯನೂ ಇರಲಿಲ್ಲ.

ಹೊಸ ವ್ಯವಸ್ಥೆಯಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ (ಜಿಬಿಎ) ಐದೂ ಪಾಲಿಕೆಗಳ ಮೇಲೆ ಕೂರುತ್ತೆ. ಸಂಸ್ಥೆಗಳನ್ನು ಒಂದೇ ಮೇಜಿಗೆ ತರೋದು ಅದರ ಉದ್ದೇಶ, ಒಳ್ಳೆಯದೇ. ಆದರೆ ಅದರ ಅಧ್ಯಕ್ಷರು ಮುಖ್ಯಮಂತ್ರಿ, ಮೇಯರ್‌ಗಳು ಸದಸ್ಯರು. 2008ರ ಕಸ್ತೂರಿರಂಗನ್ ಸಮಿತಿ ಜನರೇ ನೇರವಾಗಿ ಆರಿಸುವ, ಐದು ವರ್ಷ ಅವಧಿಯ ಮೇಯರ್ ಬೇಕು ಎಂದಿತ್ತು. ಅದಾಗಿ ಇಷ್ಟು ವರ್ಷಕ್ಕೆ ನಮಗೆ ಸಿಕ್ಕಿದ್ದು ಮುಖ್ಯಮಂತ್ರಿಯ ಕೈಕೆಳಗಿನ ಐದು ಮೇಯರ್ ಕುರ್ಚಿ.

ವಾರ್ಡ್ ಸಮಿತಿ ಅಂದ್ರೆ?

ಸಂವಿಧಾನದ 243ಎಸ್ ವಿಧಿ ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕು ಎನ್ನುತ್ತೆ. ಕರ್ನಾಟಕದ 2016ರ ನಿಯಮಗಳಲ್ಲಿ ಕಾರ್ಪೊರೇಟರ್ ಅಧ್ಯಕ್ಷತೆ, ಹತ್ತು ನಾಮಕರಣ ಸದಸ್ಯರು. ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘಗಳಿಂದ. ತಿಂಗಳಿಗೊಮ್ಮೆ ಸಭೆ. ನಿಯಮ ಇದ್ದರೂ ನಾಗರಿಕ ಸಂಘಟನೆಗಳ ಒತ್ತಡ, ಹೈಕೋರ್ಟ್‌ನ ಚಾಟಿ ಎರಡೂ ಬಿದ್ದ ಮೇಲೇ, 2018ರ ಕೊನೆಗೆ ಸಭೆಗಳು ಶುರುವಾಗಿದ್ದು. ಎರಡು ವರ್ಷ ಆಗುವಷ್ಟರಲ್ಲಿ ಕೌನ್ಸಿಲ್ಲೇ ಹೋಯಿತು, ನೋಡಲ್ ಅಧಿಕಾರಿ ಬಂದರು.

ಆ ಪಟ್ಟಿಯನ್ನು ಇನ್ನೊಮ್ಮೆ ಓದಿ. ನಿವಾಸಿಗಳ ಸಂಘಕ್ಕೆ ಎರಡು ಸ್ಥಾನ, ಅಂದ್ರೆ ಮುಖ್ಯವಾಗಿ ಸ್ವಂತ ಮನೆ ಇರುವವರಿಗೆ. ಯುವಜನರಿಗೆ ಅಂತ ಸ್ಥಾನ ಇಲ್ಲ, ಬಾಡಿಗೆದಾರರಿಗೆ ಇಲ್ಲ, ಪಿಜಿಯಲ್ಲಿ ಇರುವವರಿಗಂತೂ ಇಲ್ಲವೇ ಇಲ್ಲ. ನಗರದ ಯಾವುದೇ ಲೇಔಟ್‌ನ ಸಂಘದ ಸಭೆಗೆ ಹೋಗಿ, ಬ್ಯಾಚುಲರ್ ಹುಡುಗರು ಅಲ್ಲಿ ಚರ್ಚೆಯ ವಿಷಯ ಆಗಿರ್ತಾರೆ, ಚರ್ಚೆ ಮಾಡುವವರಲ್ಲ. ಎಲ್ಲ ಮತದಾರರೂ ಕೂರಬಹುದಾದ 'ಏರಿಯಾ ಸಭಾ' ಎಂಬ ಕಲ್ಪನೆ ಕಾನೂನಿನಲ್ಲಿ 2011ರಿಂದ ಇದೆ. ಹಳ್ಳಿಯ ಗ್ರಾಮಸಭೆಯ ಹಾಗೆ. ಅದು ಕಾಗದ ಬಿಟ್ಟು ಹೊರಗೆ ಬಂದಿದ್ದು ಕಡಿಮೆ.

ಹಾಗಾದ್ರೆ ಯುವಕರು ಏನು ಮಾಡ್ತಿದ್ದಾರೆ?

ದೂರು ಕೊಡ್ತಿದ್ದಾರೆ. 1533ಕ್ಕೆ ಫೋನ್, ಆ್ಯಪ್‌ನಲ್ಲಿ ಫೋಟೊ, ಎಕ್ಸ್‌ನಲ್ಲಿ ಟ್ಯಾಗ್. ಗುಂಡಿ ಮುಚ್ಚಿದರೆ ಥ್ಯಾಂಕ್ಯೂ, ಮುಚ್ಚದಿದ್ದರೆ ಮೀಮ್. ಇದು ನಿರುಪಯೋಗ ಅಲ್ಲ, ನಾನೂ ಮಾಡ್ತೀನಿ. ಆದರೆ ಫುಡ್ ಡೆಲಿವರಿ ಆ್ಯಪ್‌ನಲ್ಲಿ ಸಾಂಬಾರ್ ಚೆಲ್ಲಿದೆ ಅಂತ ದೂರು ಕೊಡೋದಕ್ಕೂ ಇದಕ್ಕೂ ಏನು ವ್ಯತ್ಯಾಸ? ಎರಡರಲ್ಲೂ ನಾವು ಗ್ರಾಹಕರು. ಈ ಗುಂಡಿ ಮುಚ್ಚಿ ಅಂತ ಹೇಳಬಹುದು. ಈ ವರ್ಷ ವೈಟ್ ಟಾಪಿಂಗ್ ಬಿಟ್ಟು ಫುಟ್‌ಪಾತ್ ಮಾಡಿ ಅಂತ ಹೇಳೋಕೆ ಆ್ಯಪ್‌ನಲ್ಲಿ ಬಟನ್ ಇಲ್ಲ.

ಬೀದಿಗಿಳಿದಾಗ ಕೆಲಸ ಆಗಿದ್ದೂ ಇದೆ. 2016ರ ಅಕ್ಟೋಬರ್‌ನಲ್ಲಿ ಚಾಲುಕ್ಯ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಯ ವಿರುದ್ಧ ಸಾವಿರಾರು ಜನ ಕೈಕೈ ಹಿಡಿದು ಸರಪಳಿ ಕಟ್ಟಿದರು. 'ಬೇಡ' ಎಂಬ ಒಂದೇ ಪದ. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಆದರೆ ಪ್ರತಿಭಟನೆಯಿಂದ ಒಂದು ಯೋಜನೆ ನಿಲ್ಲಿಸಬಹುದು, ಅದರ ಬದಲಿಗೆ ಏನಾಗಬೇಕು ಅಂತ ಕೂತು ತೀರ್ಮಾನಿಸೋಕೆ ಸಭೆ ಬೇಕು. ಈಗ ಬೀದಿಯೂ ಚಿಕ್ಕದಾಗಿದೆ: 2021ರ ಆದೇಶದ ನಂತರ ಬೆಂಗಳೂರಿನಲ್ಲಿ ಪ್ರತಿಭಟನೆಗೆ ಜಾಗ ಫ್ರೀಡಂ ಪಾರ್ಕ್ ಮಾತ್ರ.

ಇನ್ನು ಕಾಲೇಜು. ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ 80ರ ದಶಕದ ಕೊನೆಯಲ್ಲೇ ನಿಂತುಹೋಯಿತು. ಆದ್ದರಿಂದ ಬೆಂಗಳೂರಿನ 28ರ ಹರೆಯದವರು ಕಾಲೇಜಿನಲ್ಲೂ ಚುನಾವಣೆ ನೋಡಿಲ್ಲ, ವಾರ್ಡಿನಲ್ಲೂ ನೋಡಿಲ್ಲ. ಸಭೆಯಲ್ಲಿ ತಕರಾರು ಎತ್ತೋದು, ನಡಾವಳಿ ಬರೆಸೋದು, ಎದುರಾಳಿಯ ಜೊತೆ ಕೂತು ರಾಜಿಯಾಗೋದು, ಇದೆಲ್ಲ ಮಾಡಿ ಮಾಡಿ ಬರುವ ಅಭ್ಯಾಸ. ಅಭ್ಯಾಸಕ್ಕೆ ಜಾಗವನ್ನೇ ಕೊಡದೆ ಆಸಕ್ತಿ ಇಲ್ಲ ಅಂತ ಬೈಯೋದು ಯಾವ ನ್ಯಾಯ?

ನಮ್ಮ ಕಡೆಯ ತಪ್ಪೂ ಇದೆ. ಹಾವೇರಿಯಿಂದಲೋ ರಾಯಚೂರಿನಿಂದಲೋ ಬಂದು ಏಳೆಂಟು ವರ್ಷದಿಂದ ಮಾರತಹಳ್ಳಿಯಲ್ಲಿ ಇರುವ ಎಷ್ಟೋ ಜನರ ಓಟು ಇನ್ನೂ ಊರಲ್ಲೇ ಇದೆ. ಊರಿನ ಪಂಚಾಯಿತಿ ಚುನಾವಣೆಗೆ ಬಸ್ ಹತ್ತಿ ಹೋಗ್ತಾರೆ, ಅದು ಪ್ರೀತಿ, ಒಪ್ಪೋಣ. ಆದರೆ ನೀರು ಕುಡಿಯೋದು ಇಲ್ಲಿ, ಟ್ರಾಫಿಕ್‌ನಲ್ಲಿ ಸಿಕ್ಕಿ ಬೀಳೋದು ಇಲ್ಲಿ. ಮಾರತಹಳ್ಳಿಯ ಅಭ್ಯರ್ಥಿಗೆ ನಿಮ್ಮ ಬಗ್ಗೆ ತಲೆಕೆಡಿಸಿಕೊಳ್ಳೋಕೆ ಕಾರಣವೇ ಇಲ್ಲ, ಯಾಕಂದ್ರೆ ಅವರ ಪಟ್ಟಿಯಲ್ಲಿ ನೀವಿಲ್ಲ.

ಈಗ ಮಾಡಬಹುದಾದ್ದು

ಮೊದಲನೆಯದು ಓಟಿನ ಪಟ್ಟಿ. ಕಾನೂನಿನ ಪ್ರಕಾರ ನೀವು ಸಾಮಾನ್ಯವಾಗಿ ವಾಸಿಸುವ ಕಡೆ ನಿಮ್ಮ ಹೆಸರು ಇರಬೇಕು, ಒಂದಕ್ಕಿಂತ ಹೆಚ್ಚು ಕಡೆ ಇರಬಾರದು. ಸ್ವಂತ ಮನೆ ಬೇಕಿಲ್ಲ. ಹಾಸ್ಟೆಲ್ ವಿದ್ಯಾರ್ಥಿಗಳು ಊರು ಅಥವಾ ಹಾಸ್ಟೆಲ್, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಹೊಸ ಹೆಸರಿಗೆ ನಮೂನೆ 6, ವಿಳಾಸ ಬದಲಾವಣೆಗೆ ನಮೂನೆ 8. 2022ರ ಆಗಸ್ಟ್‌ನಿಂದ 18 ತುಂಬುವ ಅರ್ಹತಾ ದಿನಾಂಕ ವರ್ಷಕ್ಕೆ ನಾಲ್ಕು: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. 17 ದಾಟಿದವರು ಮುಂಚೆಯೇ ಅರ್ಜಿ ಹಾಕಿಡಬಹುದು. ಪಾಲಿಕೆಯ ಮತದಾರರ ಪಟ್ಟಿ ತಯಾರಾಗೋದು ವಿಧಾನಸಭೆಯ ಪಟ್ಟಿಯ ಆಧಾರದ ಮೇಲೆ, ಆದ್ದರಿಂದ ಅಲ್ಲಿ ಹೆಸರಿಲ್ಲದಿದ್ದರೆ ಇಲ್ಲೂ ಇರಲ್ಲ.

ಎರಡನೆಯದು, 369ರಲ್ಲಿ ನಿಮ್ಮ ವಾರ್ಡ್ ಯಾವುದು, ಐದರಲ್ಲಿ ಯಾವ ಪಾಲಿಕೆ ಅಂತ ಮ್ಯಾಪ್‌ನಲ್ಲಿ ಹುಡುಕಿ. ನಿಮ್ಮ ರಸ್ತೆ ಹಿಂದೆ ಯಾವ ವಾರ್ಡ್‌ನಲ್ಲಿತ್ತು ಅನ್ನೋದನ್ನೂ ಬರೆದಿಟ್ಟುಕೊಳ್ಳಿ. ಆಮೇಲೆ ಒಂದೇ ಒಂದು ಕಾಮಗಾರಿ ಹಿಡಿದು ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಜಾಬ್ ನಂಬರ್, ಅಂದಾಜು ಪಟ್ಟಿ, ಅಳತೆ ಪುಸ್ತಕದ ಪ್ರತಿ ಕೇಳಿ. ಕಾಮಗಾರಿಯನ್ನು, ಕಡತವನ್ನು ಖುದ್ದಾಗಿ ಪರಿಶೀಲಿಸುವ ಹಕ್ಕನ್ನೂ ಇದೇ ಕಾಯ್ದೆ ಕೊಡುತ್ತೆ. ಇದನ್ನು ಒಬ್ಬರೇ ಮಾಡೋದಕ್ಕಿಂತ ನಾಲ್ವರು ಗೆಳೆಯರು ನಾಲ್ಕು ರಸ್ತೆ ಹಂಚಿಕೊಂಡು ಮಾಡಿದರೆ ಬೇಗ ಬೇಸರ ಬರಲ್ಲ.

ಮೂರನೆಯದನ್ನು ನಮ್ಮಲ್ಲಿ ಯಾರೂ ಗಂಭೀರವಾಗಿ ಹೇಳಲ್ಲ: ಚುನಾವಣೆಗೆ ನಿಲ್ಲೋದು. ಶಾಸಕರಾಗಲು 25 ವರ್ಷ ಬೇಕು. ಪಾಲಿಕೆಗೆ ಸಂವಿಧಾನದ 243ವಿ ವಿಧಿ 21 ಸಾಕು ಎನ್ನುತ್ತೆ. ಕೇರಳದಲ್ಲಿ 1995ರಿಂದ ಐದೈದು ವರ್ಷಕ್ಕೆ ಸರಿಯಾಗಿ ಸ್ಥಳೀಯ ಚುನಾವಣೆ ನಡೆಯುತ್ತಿದೆ. 2020ರ ಡಿಸೆಂಬರ್‌ನಲ್ಲಿ, ನಮ್ಮ ಸರ್ಕಾರ ಚುನಾವಣೆ ತಡೆಯಲು ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಅದೇ ತಿಂಗಳು, ಆರ್ಯಾ ರಾಜೇಂದ್ರನ್ ಎಂಬ ಪದವಿ ವಿದ್ಯಾರ್ಥಿನಿ 21ನೇ ವಯಸ್ಸಿಗೆ ತಿರುವನಂತಪುರದ ಮೇಯರ್ ಆದರು. ಚೆನ್ನೈ ಕೂಡ 2016ರಿಂದ 2022ರವರೆಗೆ ನಮ್ಮ ಹಾಗೆ ಕೌನ್ಸಿಲ್ ಇಲ್ಲದೆ ಕಳೆಯಿತು. ಚುನಾವಣೆ ನಡೆದ ಮೇಲೆ ಮೇಯರ್ ಆಗಿದ್ದು ಇನ್ನೂ ಮೂವತ್ತು ದಾಟದ ಆರ್. ಪ್ರಿಯಾ, ಆ ನಗರದ ಮೊದಲ ದಲಿತ ಮಹಿಳಾ ಮೇಯರ್. ಕರ್ನಾಟಕದ ಪಾಲಿಕೆಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು ಅನ್ನೋದನ್ನೂ ಇಲ್ಲೇ ನೆನಪಿಸಬೇಕು.

ಸುಮಾರು 22,900 ಜನರ ವಾರ್ಡ್ ಅಂದ್ರೆ ಕಾಲ್ನಡಿಗೆಯಲ್ಲಿ ಮುಗಿಸಬಹುದಾದ ಪ್ರಚಾರ. ಟಿಕೆಟ್, ದುಡ್ಡು, ಜಾತಿ ಲೆಕ್ಕಾಚಾರ ಇದ್ದೇ ಇರುತ್ತೆ, ಅದನ್ನು ಸಣ್ಣದು ಮಾಡಿ ತೋರಿಸೋದು ಬೇಡ. ಆದರೆ ವಿಧಾನಸಭಾ ಕ್ಷೇತ್ರಕ್ಕೆ ಹೋಲಿಸಿದರೆ ಇದು ಹತ್ತರಲ್ಲಿ ಒಂದು ಭಾಗಕ್ಕಿಂತ ಚಿಕ್ಕ ಮೈದಾನ. ನಾಮಪತ್ರ ಹಾಕೋಕೂ ಈ ಊರಿನ ಮತದಾರರ ಪಟ್ಟಿಯಲ್ಲಿ ಹೆಸರು ಬೇಕು, ಆದ್ದರಿಂದ ನಮೂನೆ 8 ಇಲ್ಲೂ ಕೆಲಸಕ್ಕೆ ಬರುತ್ತೆ. 2020ರ ಸೆಪ್ಟೆಂಬರ್‌ನಲ್ಲಿ ಕೌನ್ಸಿಲ್ ಖಾಲಿಯಾದಾಗ ಪಿಯುಸಿಯ ಆನ್‌ಲೈನ್ ಕ್ಲಾಸ್‌ನಲ್ಲಿ ಕೂತಿದ್ದ 16ರ ಹುಡುಗ ಹುಡುಗಿಯರಿಗೆ 2025ರ ಸೆಪ್ಟೆಂಬರ್ ಹೊತ್ತಿಗೆ 21.